ಬಂಡೆಹಟ್ಟಿಯ ಹಸಿರು ಚುಕ್ಕೆ

ಚಳ್ಳಕೆರೆಯ ಪಾವಗಡ ರಸ್ತೆಯಲ್ಲಿ, ಎಣ್ಣೆ ಗಿರಣಿಯೊಂದರ ಪಕ್ಕದ ಮಹಡಿಯ ಮೇಲೆ ಹಗರಿ ಕುರಿಗಾರರ ಒಕ್ಕೂಟದ ಕಚೇರಿಯಿತ್ತು. ಪ್ರೇಮಲತಾ ಅಲ್ಲಿ ಒಂಬತ್ತು ವರ್ಷದಿಂದ ಕಂಪ್ಯೂಟರ್ ಕೆಲಸಕ್ಕಿದ್ದಳು. ಚಳ್ಳಕೆರೆ, ಮೊಳಕಾಲ್ಮುರು ಎರಡೂ ತಾಲ್ಲೂಕು ಸೇರಿ ಇನ್ನೂರು ಚಿಲ್ಲರೆ ಹಟ್ಟಿಗಳು ಒಕ್ಕೂಟದಲ್ಲಿದ್ದವು. ಯಾರ ಮನೆಯಲ್ಲಿ ಎಷ್ಟು ಕುರಿ, ಯಾವ ರೋಗಕ್ಕೆ ಯಾವತ್ತು ಲಸಿಕೆ ಹಾಕಿದ್ದು, ಎಷ್ಟು ಮರಿ ಉಳಿದವು ಎಂಬುದೆಲ್ಲ ಅವಳ ಫೈಲುಗಳಲ್ಲಿತ್ತು. ಮೊದಲು ಅವು ಕಚೇರಿಯ ಹಳೆಯ ಕಂಪ್ಯೂಟರಿನಲ್ಲಿದ್ದವು. ಅದು ಒಂದು ಸಲ ಕೆಟ್ಟು ಎರಡು ತಿಂಗಳ ಕೆಲಸವೆಲ್ಲ ಹೋದ ಮೇಲೆ ಪ್ರೇಮಲತಾ ತಾನೇ ಕಲಿತು ಎಲ್ಲವನ್ನೂ ಕ್ಲೌಡ್‌ಗೆ ಏರಿಸಿ, ವರ್ಷಕ್ಕೊಂದು ಫೋಲ್ಡರ್ ಮಾಡಿ ಇಟ್ಟಿದ್ದಳು.

ಒಕ್ಕೂಟ ನಡೆಸುತ್ತಿದ್ದ ಡಾಕ್ಟರ್ ನಾಗಭೂಷಣ ಪಶುವೈದ್ಯರಾಗಿ ನಿವೃತ್ತರಾದವರು. ಕಂಪ್ಯೂಟರಿನ ಫೈಲು ತೆರೆದು ನೋಡುವ ಅಭ್ಯಾಸ ಅವರಿಗಿರಲಿಲ್ಲ. ಒಳಗಿನ ಕೋಣೆಯಿಂದಲೇ "ಪ್ರೇಮಾ, ತಳಕಿನ ಕಡೆ ಎಷ್ಟಾಯ್ತು?" ಎಂದು ಕೇಳುತ್ತಿದ್ದರು. ಅವಳು ಕುಳಿತಲ್ಲಿಂದಲೇ, ಪರದೆ ನೋಡದೆ, ಹಟ್ಟಿಗಳ ಹೆಸರು ಹಿಡಿದು ಹೇಳುತ್ತಿದ್ದಳು. ಅವಳು ಹೇಳಿದ್ದು ತಪ್ಪಾದದ್ದಿಲ್ಲ. ಹೊರಗಿನಿಂದ ಬಂದವರೆದುರು ಡಾಕ್ಟರು ಬೇಕೆಂದೇ ಹಾಗೆ ಕೇಳಿ, ಅವಳು ಉತ್ತರ ಕೊಟ್ಟಾಗ ಬಂದವರ ಮುಖ ನೋಡುವುದೂ ಇತ್ತು. ಸಂಬಳಕ್ಕಿಂತ ಆ ಗಳಿಗೆಯೇ ಅವಳಿಗೆ ದೊಡ್ಡದಾಗಿತ್ತು.

ಏಪ್ರಿಲ್‌ನಲ್ಲಿ ತೇಜಶ್ರೀ ಬಂದಳು. ರಾಂಪುರದ ಹುಡುಗಿ, ಇಪ್ಪತ್ನಾಲ್ಕು ವರ್ಷ, ಬಳ್ಳಾರಿಯಲ್ಲಿ ಓದಿದವಳು. ಫೋನಿನಲ್ಲಿ ಮನೆಯವರ ಜೊತೆ ಅರ್ಧ ತೆಲುಗು ಅರ್ಧ ಕನ್ನಡ ಮಾತಾಡುತ್ತಿದ್ದಳು. ಬಂದ ದಿನದಿಂದಲೇ ಪ್ರೇಮಲತಾಳನ್ನು ಅಕ್ಕ ಎಂದಳು, ಊಟದ ಡಬ್ಬಿಯನ್ನು ಅವಳ ಮೇಜಿಗೇ ತಂದು ಬಿಚ್ಚಿದಳು. ಪ್ರೇಮಲತಾಗೂ ಅವಳು ಇಷ್ಟವಾಗಿದ್ದಳು. ಹದಿನೈದು ದಿನದ ನಂತರ ಡಾಕ್ಟರು ಇಬ್ಬರನ್ನೂ ಕರೆದು, ಫೈಲಿನಲ್ಲಿರುವುದೆಲ್ಲ ತನಗೆ ಒಂದೇ ಪರದೆಯ ಮೇಲೆ ಚಿತ್ರದ ಹಾಗೆ ಕಾಣಬೇಕು, ಅದನ್ನು ತೇಜಶ್ರೀ ಮಾಡುತ್ತಾಳೆ, ಪ್ರೇಮಲತಾ ಸಹಾಯ ಮಾಡಲಿ ಎಂದರು. ಸಹಾಯ ಎಂಬ ಆ ಮಾತು ಪ್ರೇಮಲತಾಗೆ ಮುಳ್ಳಿನ ಹಾಗೆ ಚುಚ್ಚಿತು.

ಕೆಲಸ ಹೀಗಿತ್ತು. ಪ್ರೇಮಲತಾ ಕ್ಲೌಡ್‌ನಲ್ಲಿಟ್ಟ ಫೋಲ್ಡರಿಗೆ ತೇಜಶ್ರೀ ತನ್ನ ಡ್ಯಾಶ್‌ಬೋರ್ಡನ್ನು ಜೋಡಿಸಬೇಕು. ಒಮ್ಮೆ ಜೋಡಿಸಿದರೆ ಫೋಲ್ಡರಿನಲ್ಲಿರುವ ಎಲ್ಲ ಫೈಲುಗಳನ್ನೂ ಅದು ಒಂದಾಗಿ ಓದಿಕೊಂಡು, ಗಂಟೆಗೊಮ್ಮೆ ತಾನೇ ಹೊಸದಾಗುತ್ತದೆ. ಇದಕ್ಕೆ ಫೋಲ್ಡರಿನ ಅನುಮತಿ ಬೇಕಿತ್ತು. ತೇಜಶ್ರೀ ಕೇಳಿದಾಗ ಪ್ರೇಮಲತಾ ನಾಳೆ ಕೊಡುತ್ತೇನೆ ಎಂದಳು. ಮರುದಿನ ಪಾಸ್‌ವರ್ಡ್ ಮರೆತಿದೆ ಎಂದಳು. ಮೂರನೆಯ ದಿನ ಡಾಕ್ಟರೇ ಕೇಳಿದ ಮೇಲೆ ಕೊಟ್ಟಳು. ಅವತ್ತು ಮಧ್ಯಾಹ್ನ ಆ ಹುಡುಗಿ ಹತ್ತಿರ ಬಂದು, "ಈ ಫೋಲ್ಡರ್‌ನಾಗೆ ಇರೋದೆಲ್ಲಾ ಸೂಜಿ ಹಾಕಿದ್ದೇ ಅಲ್ವಾ ಅಕ್ಕ?" ಎಂದು ಕೇಳಿದಳು. ಪ್ರೇಮಲತಾ ಬೇರೇನೋ ಟೈಪ್ ಮಾಡುತ್ತಿದ್ದವಳು ತಿರುಗಿ ನೋಡದೆ ಹೂಂ ಎಂದಳು. ಆ ಹೊತ್ತಿಗೆ ಅವಳಲ್ಲಿ ಯಾವ ಕಪಟವೂ ಇರಲಿಲ್ಲ, ನಿಜವಾಗಿಯೂ ನೆನಪಾಗಿರಲಿಲ್ಲ.

ಜೂನ್ ಮೂರನೆಯ ವಾರ, ಸೋಮವಾರ, ಕಚೇರಿಯ ಗೋಡೆಯ ಟಿವಿಯಲ್ಲಿ ಡ್ಯಾಶ್‌ಬೋರ್ಡ್ ಬಂತು. ಎರಡು ತಾಲ್ಲೂಕಿನ ನಕ್ಷೆ, ಪ್ರತಿ ಹಟ್ಟಿಗೂ ಒಂದು ಚುಕ್ಕೆ. ಮಳೆಯ ನಂತರದ ಎಳೆ ಹುಲ್ಲು ಮೇಯ್ದ ಮರಿಗಳಿಗೆ ಬರುವ ಕರುಳುಬೇನೆಗೆ ಮುಂಗಾರಿನ ಲಸಿಕೆ ಹಾಕಿದ ಹಟ್ಟಿ ಹಸಿರು, ಹಾಕದ್ದು ಕೆಂಪು. ಚುಕ್ಕೆ ಮುಟ್ಟಿದರೆ ಕುರಿಗಳ ಸಂಖ್ಯೆ, ತಾರೀಖು, ಲಸಿಕೆ ಹಾಕಿದವನ ಹೆಸರು ಕಾಣುತ್ತಿದ್ದವು. ಎಲ್ಲರೂ ಎದ್ದು ಬಂದು ಟಿವಿ ಎದುರು ನಿಂತರು. ಡಾಕ್ಟರು ಕನ್ನಡಕ ಒರೆಸಿಕೊಂಡು ನಾಲ್ಕೈದು ಚುಕ್ಕೆ ಮುಟ್ಟಿದರು.

"ಒಂಬತ್ತು ವರ್ಷದಲ್ಲಿ ಮೊದಲನೇ ಸಲ ನಮ್ಮ ಕೆಲಸ ನನ್ನ ಕಣ್ಣಿಗೆ ಕಾಣ್ತು ನೋಡಮ್ಮ," ಎಂದರು ತೇಜಶ್ರೀಗೆ.

ಪ್ರೇಮಲತಾ ಹಿಂದೆ ನಿಂತು ಅದನ್ನು ಕೇಳಿಸಿಕೊಂಡಳು. ಒಂಬತ್ತು ವರ್ಷ ದಿನಾ ಬಾಯಿಬಿಟ್ಟು ಹೇಳಿದ್ದು ಇವರಿಗೆ ಕಂಡೇ ಇರಲಿಲ್ಲವೇ ಎಂದುಕೊಂಡಳು. ಆ ಪರದೆಯಲ್ಲಿದ್ದ ಒಂದೊಂದು ಹೆಸರೂ ಅವಳು ಟೈಪ್ ಮಾಡಿದ್ದು. ಕೆಳಗೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ತಯಾರಿ: ತೇಜಶ್ರೀ' ಎಂದಿತ್ತು.

ಆಗಲೇ ಅವಳ ಕಣ್ಣು ವರವು ಕಾವಲು ಎಂಬ ಹುಲ್ಲುಗಾವಲಿನ ಸುತ್ತಲಿನ ಚುಕ್ಕೆಗಳ ಮೇಲೆ ಬಿತ್ತು. ಹನ್ನೊಂದು ಹಟ್ಟಿಗಳು, ಹನ್ನೊಂದೂ ಹಸಿರು. ಅಲ್ಲಿ ಇನ್ನೂ ಲಸಿಕೆ ಹಾಕಿರಲಿಲ್ಲ. ಹಾಕಬೇಕಾದ ಓಬಳೇಶ್ ತಳಕಿನಲ್ಲೇ ತಡವಾಯಿತೆಂದು ಅವಳಿಗೇ ಫೋನ್ ಮಾಡಿದ್ದ. ಹೆಂಡತಿ ಶಿಲ್ಪಳ ಹೆರಿಗೆಗೆಂದು ಮೊಳಕಾಲ್ಮುರಿಗೆ ರಜೆಯ ಮೇಲೆ ಹೋಗುತ್ತಿದ್ದೇನೆ, ಕಾವಲಿನ ಕಡೆ ಬಂದ ಮೇಲೆ ಹಾಕುತ್ತೇನೆ ಎಂದಿದ್ದ. ಮತ್ತೆ ಹಸಿರು ಹೇಗಾಯಿತು ಎಂದು ತಿಳಿಯುವುದಕ್ಕೆ ಅವಳಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಚಳ್ಳಕೆರೆ ಕಡೆಯ ಯಾವ ಹಟ್ಟಿಗೆ ಯಾವ ದಿನ ಯಾರು ಹೋಗಬೇಕೆಂದು ಮೇ ತಿಂಗಳಲ್ಲೇ ಬರೆದಿಟ್ಟ ಅವಳ ಪ್ಲಾನ್ ಫೈಲು ಅದೇ ಫೋಲ್ಡರಿನಲ್ಲಿತ್ತು. ಊರು, ಕುರಿ, ತಾರೀಖು, ಹೆಸರು, ಎಲ್ಲವೂ ಅದೇ ಕ್ರಮದಲ್ಲಿ. ಮಾಡಬೇಕೆಂದು ಬರೆದದ್ದನ್ನು ಡ್ಯಾಶ್‌ಬೋರ್ಡ್ ಮಾಡಿಯಾಗಿದೆ ಎಂದು ಓದಿಕೊಂಡಿತ್ತು.

ಹೇಳಬೇಕೆಂದು ಅವಳು ಒಂದು ಹೆಜ್ಜೆ ಮುಂದೆ ಬಂದಳು. ಡಾಕ್ಟರು ತಿರುಗಿ, "ಪ್ರೇಮಾ, ಎಲ್ಲರಿಗೂ ಟೀ ಹೇಳಮ್ಮ," ಎಂದರು. ಅವಳು ಬಾಯಿ ಮುಚ್ಚಿಕೊಂಡು ಟೀ ಹೇಳುವುದಕ್ಕೆ ಕೆಳಗಿಳಿದಳು. ಮೆಟ್ಟಿಲಿಳಿಯುವಾಗಲೇ ಅವಳ ಮನಸ್ಸು ಒಂದು ನಿರ್ಧಾರಕ್ಕೆ ಬಂದಿತ್ತು. ಗುರುವಾರ ಚಿತ್ರದುರ್ಗದಿಂದ ಪಶುಪಾಲನಾ ಇಲಾಖೆಯವರು ಬೋರ್ಡು ನೋಡುವುದಕ್ಕೆ ಬರುವವರಿದ್ದರು. ಅವರಲ್ಲಿ ಯಾರಾದರೊಬ್ಬರು ಕಾವಲಿನ ಒಂದು ಹಟ್ಟಿಗೆ ಫೋನ್ ಮಾಡಿ ಕೇಳಲಿ. ಅವರೆದುರಿಗೇ ತೇಜಶ್ರೀಯ ಬಣ್ಣದ ಬೋರ್ಡು ಸುಳ್ಳಾಗಲಿ. ಆಮೇಲೆ ಡಾಕ್ಟರು ಮತ್ತೆ ತನ್ನ ಕಡೆಗೇ ತಿರುಗಬೇಕಾಗುತ್ತದೆ.

ಗುರುವಾರ ಬಂದವರು ಯಾರಿಗೂ ಫೋನ್ ಮಾಡಲಿಲ್ಲ. ಬೋರ್ಡಿನ ಫೋಟೋ ತೆಗೆದುಕೊಂಡರು, ತೇಜಶ್ರೀಯನ್ನು ನಡುವೆ ನಿಲ್ಲಿಸಿಕೊಂಡು ಇನ್ನೊಂದು ಫೋಟೋ ತೆಗೆಸಿಕೊಂಡರು. ಕ್ಷೇತ್ರ ಸಿಬ್ಬಂದಿಯ ವಾಟ್ಸಾಪ್ ಗುಂಪಿನಲ್ಲಿ ಸಂಜೆಯವರೆಗೂ ಅವಳಿಗೆ ಅಭಿನಂದನೆ ಬರುತ್ತಲೇ ಇತ್ತು. ಪ್ರೇಮಲತಾ ಒಂದೊಂದನ್ನೂ ತೆರೆದು ಓದಿದಳು. ಯಾರು ಹಾಕಿಲ್ಲ ಎಂದು ಹುಡುಕಿದಳು. ಎಲ್ಲರೂ ಹಾಕಿದ್ದರು. ತನ್ನ ಕಡೆಯಿಂದಲೂ ಒಂದು ಕೈಮುಗಿದ ಚಿತ್ರ ಹಾಕಿ ಫೋನ್ ಕವುಚಿಟ್ಟಳು. ಮರುದಿನ ತೇಜಶ್ರೀ ಹೋಳಿಗೆ ತಂದು ಕೊಟ್ಟಾಗ, ಸಕ್ಕರೆ ಜಾಸ್ತಿಯಾಗಿದೆ ಎಂದು ಅರ್ಧ ಬಿಟ್ಟಳು.

ಶನಿವಾರ ಡಾಕ್ಟರು ಬೋರ್ಡು ನೋಡಿ, ಚಳ್ಳಕೆರೆ ಕಡೆ ಮುಗಿದ ಹಾಗಾಯಿತು, ಉಳಿದ ಲಸಿಕೆ ರಾಂಪುರಕ್ಕೆ ಹೋಗಲಿ ಎಂದರು. ಮೊಳಕಾಲ್ಮುರು ಕಡೆ ಲಸಿಕೆ ಹಾಕುವ ಚಂದ್ರಣ್ಣ ಎರಡು ಐಸ್ ಬಾಕ್ಸ್ ಬೈಕಿಗೆ ಕಟ್ಟಿಕೊಂಡು ಹೊರಟ. ಪ್ರೇಮಲತಾ ಕಿಟಕಿಯಿಂದ ನೋಡಿದಳು. ಇದು ಗುರುವಾರದ ಫೋಟೋದಂಥ ವಿಷಯವಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೆ ಈಗ ಹೇಳಿದರೆ ಸೋಮವಾರವೇ ಏಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಒಂದು ವಾರದಲ್ಲಿ ಓಬಳೇಶ್ ಬರುತ್ತಾನೆ, ಅಷ್ಟರಲ್ಲಿ ಏನಾಗಿಬಿಡುತ್ತದೆ ಎಂದುಕೊಂಡಳು. ಅವತ್ತು ಸಂಜೆ ಚಳ್ಳಕೆರೆಯಿಂದ ಕಾವಲಿನ ಪಕ್ಕದ ಕುದಾಪುರದವರೆಗೂ ಹದವಾದ ಮಳೆಯಾಯಿತು. ಭಾನುವಾರವೂ ಸುರಿಯಿತು.

ಮಂಗಳವಾರ ಚಿಕ್ಕೀರಪ್ಪ ಕಚೇರಿಗೆ ಬಂದ. ಕಾವಲಿನ ಸುತ್ತ ಕಟ್ಟಿದ ಗೋಡೆಯ ಹೊರಗಿನ ಬಂಡೆಹಟ್ಟಿಯವನು, ಅರವತ್ತು ದಾಟಿದವನು. ಅವನೂ ಹೆಂಡತಿ ಬೋರಕ್ಕನೂ ನೂರಿಪ್ಪತ್ತು ಕುರಿ ಸಾಕಿಕೊಂಡಿದ್ದರು. ಮಂದೆಯನ್ನು ಹಟ್ಟಿಯಲ್ಲೇ ಬಿಟ್ಟು ಮೇವು ಹುಡುಕಿಕೊಂಡು ಆಂಧ್ರದ ಕಡೆ ಹೋಗಿದ್ದವನು ಎರಡು ದಿನದ ಹಿಂದಷ್ಟೇ ಬಂದಿದ್ದ. ಒಂಬತ್ತು ವರ್ಷವೂ ಬಂದರೆ ಪ್ರೇಮಲತಾಳ ಮೇಜಿನ ಎದುರೇ ಕೂರುತ್ತಿದ್ದವನು ಈ ಸಲ ನೇರ ಟಿವಿ ಹತ್ತಿರ ಹೋದ. ಅದರಲ್ಲಿ ಎಲ್ಲಾ ಕಾಣಿಸುತ್ತದಂತೆ, ತನ್ನ ಹಟ್ಟಿ ತೋರಿಸು ಎಂದು ತೇಜಶ್ರೀಯನ್ನು ಕೇಳಿದ. ಸೂಜಿ ಹಾಕುವವರು ಯಾವಾಗ ಬರುತ್ತಾರೆ ಎಂದೂ ಕೇಳಿದ. ತೇಜಶ್ರೀ ಚುಕ್ಕೆ ಮುಟ್ಟಿ, ನಿಮ್ಮ ಹಟ್ಟಿಗೆ ಹನ್ನೆರಡನೇ ತಾರೀಖೇ ಆಗಿದೆಯಲ್ಲ ಅಜ್ಜ, ಓಬಳೇಶ್ ಹಾಕಿದ್ದಾರೆ ಎಂದಳು. ನೀವು ಊರಲ್ಲಿಲ್ಲದಾಗ ಹಾಕಿರಬೇಕು ಎಂದೂ ಹೇಳಿದಳು.

ಅವನಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಪ್ರೇಮಲತಾಳ ಮೇಜಿಗೆ ಬಂದು ನಿಂತ.

"ಏನವ್ವಾ, ನಮ್ಮ ಕುರಿಗೆ ಸೂಜಿ ಆಗೈತಂತೆ. ಹೌದೇನು?"

ಪ್ರೇಮಲತಾಗೆ ಉತ್ತರ ಗೊತ್ತಿತ್ತು. ಇಲ್ಲ ಎಂಬ ಒಂದು ಮಾತು. ಆದರೆ ಅವನು ಮೊದಲು ಅಲ್ಲಿಗೆ ಹೋಗಿ ಆಮೇಲೆ ಇಲ್ಲಿಗೆ ಬಂದಿದ್ದ.

"ಬೋರ್ಡು ನೋಡೋದು ಆ ಹುಡುಗಿ," ಎಂದಳು. "ಅವಳು ಹೇಳಿದ್ ಮೇಲೆ ಮುಗೀತಲ್ಲ."

ಚಿಕ್ಕೀರಪ್ಪ ಹಂಗಾರೆ ಸರಿ ಎಂದು ಟವೆಲ್ ಕೊಡವಿಕೊಂಡು ಮೆಟ್ಟಿಲಿಳಿದ. ಮನೆಯಲ್ಲಿ ಬೋರಕ್ಕ ಯಾರೂ ಬಂದಿಲ್ಲ ಎಂದಳು. ತಾನು ಹೊಲಕ್ಕೆ ಹೋದಾಗ ಮೈದುನನ ಮಕ್ಕಳು ಹಾಕಿಸಿದ್ದಾರೇನೋ ಎಂದೂ ಅಂದಳು. ಕಚೇರಿಯವರೇ ಆಗಿದೆ ಎಂದ ಮೇಲೆ ಅವನು ಹೆದರದೆ ಮರುದಿನ ಮಂದೆಯನ್ನು ಹೊಸ ಹುಲ್ಲಿಗೆ ಬಿಟ್ಟ. ಮಳೆ ಬಿದ್ದ ನಾಲ್ಕನೇ ದಿನದ ಎಳೆ ಹುಲ್ಲು, ಮರಿಗಳು ತಲೆಯೆತ್ತದೆ ಮೇಯ್ದವು.

ಗುರುವಾರ ಬೆಳಿಗ್ಗೆ ಅವನ ಫೋನು ಬಂತು. ಮೂರು ಮರಿ ಸತ್ತಿವೆ, ಮೂರೂ ಮಂದೆಯಲ್ಲೇ ದಪ್ಪವಾಗಿದ್ದವು ಎಂದ. ಡಾಕ್ಟರು ಬೋರ್ಡು ನೋಡಿದರು. ಲಸಿಕೆ ಆದ ಮಂದೆ, ಹಾಗಾಗಿ ಇದು ಕರುಳುಬೇನೆಯಲ್ಲ, ಯಾವುದೋ ವಿಷದ ಸೊಪ್ಪು ತಿಂದಿರಬೇಕು ಎಂದು ಹೇಳಿ, ಅದಕ್ಕೆ ಔಷಧಿ ತಿಳಿಸಿ, ಸತ್ತ ಮರಿಯ ಕರುಳನ್ನು ಪರೀಕ್ಷೆಗೆ ಕಳಿಸಿದರು. ಪ್ರೇಮಲತಾ ಅವತ್ತು ಊಟದ ಡಬ್ಬಿ ಬಿಚ್ಚಲಿಲ್ಲ. ಡಾಕ್ಟರ ಕೋಣೆಯ ಬಾಗಿಲವರೆಗೆ ಎರಡು ಸಲ ಹೋಗಿ ಬಂದಳು. ಎರಡನೆಯ ಸಲ ಒಳಗೆ ತೇಜಶ್ರೀ ಕುಳಿತಿದ್ದಳು. ಅವಳನ್ನು ಕಂಡದ್ದೇ ಇವಳು ಬಾಗಿಲಿನಿಂದಲೇ ಮರಳಿದಳು. ಶುಕ್ರವಾರ ಸಂಜೆಗೆ ಬಂಡೆಹಟ್ಟಿಯಲ್ಲಿ ಹನ್ನೊಂದು ಮರಿ ಹೋಗಿದ್ದವು.

ಶನಿವಾರ ಓಬಳೇಶ್ ರಜೆ ಮುಗಿಸಿ ಬಂದ. ಹೆಣ್ಣು ಮಗು ಹುಟ್ಟಿದ ಸಂತೋಷಕ್ಕೆ ಪೇಡೆಯ ಪೊಟ್ಟಣ ತಂದಿದ್ದ. ಅಷ್ಟು ಹೊತ್ತಿಗೆ ಪ್ರಯೋಗಾಲಯದವರು ಫೋನಿನಲ್ಲಿ ಕರುಳುಬೇನೆಯೇ ಎಂದು ತಿಳಿಸಿದ್ದರು. ಡಾಕ್ಟರು ಅವನನ್ನು ಬೋರ್ಡಿನ ಎದುರು ನಿಲ್ಲಿಸಿಕೊಂಡರು. ಹನ್ನೆರಡನೇ ತಾರೀಖು ಬಂಡೆಹಟ್ಟಿ, ಹೆಸರು ನಿನ್ನದು, ಮನೆಯಲ್ಲಿ ಕೂತು ಬರೆದು ರಜೆಗೆ ಹೋದೆಯಾ ಎಂದು ಕೇಳಿದರು.

"ನಾನು ಕಾವಲಿನ ಕಡೆ ಕಾಲೇ ಇಟ್ಟಿಲ್ಲ ಸಾರ್," ಎಂದ ಓಬಳೇಶ್. "ಹಾಕಿದೀನಿ ಅಂತ ಎಲ್ಲಿ ಬರ್ದೆ?"

"ಬೋರ್ಡು ಸುಳ್ಳು ಹೇಳುತ್ತಾ? ನೀನು ಹೇಳ್ತೀಯಾ?"

ಓಬಳೇಶ್ ಪೇಡೆಯ ಪೊಟ್ಟಣವನ್ನು ಕೈಯಲ್ಲೇ ಹಿಡಿದು ನಿಂತಿದ್ದ. ಸೋಮವಾರದಿಂದ ಬರಬೇಡ ಎಂದರು ಡಾಕ್ಟರು.

ಪ್ರೇಮಲತಾ ಎಣಿಸಿದ್ದು ಬೇರೆ ಇತ್ತು. ಮರ್ಯಾದೆ ಹೋಗಬೇಕಾದದ್ದು ತೇಜಶ್ರೀಯದು. ಈಗ ನೋಡಿದರೆ ಬೋರ್ಡು ಯಾರ ಕಣ್ಣಿಗೂ ತಪ್ಪಾಗಿ ಕಾಣಲಿಲ್ಲ, ಮನುಷ್ಯನೇ ತಪ್ಪಾಗಿ ಕಂಡ. ಅವಳು ಕುರ್ಚಿ ಹಿಂದೆ ಸರಿಸಿ ಎದ್ದಳು. ಅದು ಲಸಿಕೆ ಹಾಕಿದ ಪಟ್ಟಿಯಲ್ಲ, ತನ್ನ ಪ್ಲಾನ್ ಫೈಲು, ಅದೇ ಫೋಲ್ಡರಿನಲ್ಲಿತ್ತು ಎಂದಳು. ಕಂಪ್ಯೂಟರಿನಲ್ಲಿ ಎರಡೂ ಫೈಲು ತೆರೆದು ತೋರಿಸಿದಳು. ಹನ್ನೆರಡನೇ ತಾರೀಖು ಓಬಳೇಶ್ ತಳಕಿನ ಪಕ್ಕದ ಹಟ್ಟಿಯೊಂದರಲ್ಲಿ ನಿಜಕ್ಕೂ ಹಾಕಿದ ಲಸಿಕೆ ಇನ್ನೊಂದು ಫೈಲಿನಲ್ಲಿತ್ತು. ಒಂದೇ ದಿನ ಅವನು ಎರಡೂ ಕಡೆ ಇರಲು ಸಾಧ್ಯವಿರಲಿಲ್ಲ.

ಡಾಕ್ಟರು ಎರಡೂ ಫೈಲಿನ ತಾರೀಖು ಹೋಲಿಸಿ ನೋಡಿದರು. ನಂತರ ಇದು ಯಾವಾಗ ಗೊತ್ತಾಯಿತು ಎಂದು ಕೇಳಿದರು. ಈಗಷ್ಟೇ ಎಂದಿದ್ದರೆ ಅವರು ನಂಬುತ್ತಿದ್ದರು. ತೇಜಶ್ರೀ ಮಗ್ಗುಲಲ್ಲೇ ನಿಂತು ಅವಳ ಬಾಯಿಯನ್ನೇ ನೋಡುತ್ತಿದ್ದಳು.

"ಬೋರ್ಡು ಹಾಕಿದ ದಿವಸ," ಎಂದಳು ಪ್ರೇಮಲತಾ. "ಮೊದಲನೇ ದಿವಸಾನೇ, ಸಾರ್."

ಡಾಕ್ಟರು ಫೋನ್ ಕೈಗೆತ್ತಿಕೊಂಡರು. ಚಿಕ್ಕೀರಪ್ಪನಿಗೂ ಕಾವಲಿನ ಉಳಿದ ಹತ್ತು ಹಟ್ಟಿಗಳಿಗೂ ಫೋನ್ ಮಾಡಿ, ಹಸಿ ಹುಲ್ಲಿಗೆ ಬಿಡಬೇಡಿ, ಒಣ ಮೇವು ಹಾಕಿ ಕಟ್ಟಿಹಾಕಿ ಎಂದು ತಿಳಿಸಿದರು. ರಾಂಪುರದಲ್ಲಿದ್ದ ಚಂದ್ರಣ್ಣನಿಗೆ ಉಳಿದ ಲಸಿಕೆ ತೆಗೆದುಕೊಂಡು ನೇರ ಕಾವಲಿಗೆ ಬರುವಂತೆ ಹೇಳಿದರು. ಓಬಳೇಶ್ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಬೈಕಿನ ಕೀಲಿ ಹುಡುಕಿದ. ಪ್ರೇಮಲತಾ ತಾನೂ ಬರುತ್ತೇನೆ ಎಂದಳು. ಬೇಡವೆಂದು ಯಾರೂ ಹೇಳದ್ದರಿಂದ ಜೀಪು ಹತ್ತಿದಳು.

ಬಂಡೆಹಟ್ಟಿಯಲ್ಲಿ ಮರಿಗಳನ್ನು ರೊಪ್ಪದೊಳಗೆ ಕೂಡಿದ್ದರು. ಮುಳ್ಳಿನ ಬೇಲಿಯಾಚೆ ಹೊಸ ಮಣ್ಣು ಮುಚ್ಚಿದ ಗುಂಡಿ ಕಾಣುತ್ತಿತ್ತು. ಆ ಬೆಳಿಗ್ಗೆ ಇನ್ನೆರಡು ಸತ್ತಿದ್ದವು. ಲಸಿಕೆ ಹಾಕಿದರೂ ಬಲ ಬರುವುದಕ್ಕೆ ಹತ್ತು ದಿನ ಬೇಕು, ಅಲ್ಲಿಯವರೆಗೆ ಒಣ ಮೇವೇ ಗತಿ ಎಂದು ಡಾಕ್ಟರು ಚಿಕ್ಕೀರಪ್ಪನಿಗೆ ತಿಳಿಸಿ ಹೇಳಿದರು. ಅವನು ತಲೆಯಾಡಿಸಿ, ಪ್ರೇಮಲತಾಳ ಕಡೆ ನೋಡಿದ. ಅವಳು ತಾನಾಗಿಯೇ ಹೇಳಿದಳು. ಮಂಗಳವಾರ ನೀನು ಕೇಳಿದಾಗ ನನಗೆ ಗೊತ್ತಿತ್ತು, ಗೊತ್ತಿದ್ದೂ ಹೇಳಲಿಲ್ಲ ಎಂದಳು.

"ಅವತ್ತು ಒಂದ್ ಮಾತು ಅಂದಿದ್ರೆ ಮನೀಗ್ ಬಂದು ಕಟ್ಟಿ ಹಾಕ್ತಿದ್ದೆ ಕಣವ್ವಾ," ಎಂದ ಚಿಕ್ಕೀರಪ್ಪ. ದನಿ ಏರಿಸಲಿಲ್ಲ. ಅಲ್ಲಿಂದ ಓಬಳೇಶನ ಹತ್ತಿರ ಹೋದ.

ಬೋರಕ್ಕ ಮಾತ್ರ ಅಲ್ಲೇ ನಿಂತಿದ್ದಳು. "ಆ ಹುಡುಗಿ ಮ್ಯಾಲೆ ನಿಂಗೇನು ಸಿಟ್ಟು?" ಎಂದು ಕೇಳಿದಳು.

"ಸಿಟ್ಟಿಲ್ಲ ಬೋರಕ್ಕ. ಅವಳು ನಂಗೇನೂ ಮಾಡಿಲ್ಲ. ಹೊಟ್ಟೆಕಿಚ್ಚು."

ಆ ಪದವನ್ನು ಅವಳು ಅದುವರೆಗೆ ತನಗೆ ತಾನೂ ಹೇಳಿಕೊಂಡಿರಲಿಲ್ಲ. ಬೋರಕ್ಕ ರೊಪ್ಪದೊಳಗೆ ಹೋಗಿ ಒಂದು ಮರಿಯನ್ನು ಎತ್ತಿ ತಂದು, "ಹಿಡ್ಕ, ಗಟ್ಟಿಯಾಗಿ ಹಿಡ್ಕ," ಎಂದು ಅವಳ ಕೈಗೆ ಕೊಟ್ಟಳು. ಹೊತ್ತು ಮುಳುಗುವವರೆಗೂ ಪ್ರೇಮಲತಾ ಮರಿಗಳನ್ನು ಹಿಡಿದಳು, ಓಬಳೇಶ್ ಸೂಜಿ ಹಾಕಿದ. ಅಷ್ಟು ಹೊತ್ತೂ ಅವನು ಅವಳೊಂದಿಗೆ ಒಂದು ಮಾತೂ ಆಡಲಿಲ್ಲ. ಮುಂದೆಯೂ ಆಡಲಿಲ್ಲ.

ಕಾವಲಿನ ಸುತ್ತ ಎಲ್ಲಾ ಸೇರಿ ಇಪ್ಪತ್ತಾರು ಮರಿ ಹೋದವು. ಹೆಚ್ಚಿನವು ಬಂಡೆಹಟ್ಟಿಯವೇ. ಒಕ್ಕೂಟದ ಸಮಿತಿ ಅವಳನ್ನು ಕೆಲಸದಿಂದ ತೆಗೆಯಬೇಕೆಂದಿತ್ತು. ತಾನಾಗಿ ಒಪ್ಪಿಕೊಂಡಿದ್ದಾಳೆ ಎಂದು ಡಾಕ್ಟರು ಹೇಳಿದ್ದರಿಂದ ಮೊಳಕಾಲ್ಮುರಿನ ಶಾಖೆಗೆ ಹಾಕಿದರು. ರೇಷ್ಮೆ ಸೀರೆ ನೇಯುವವರ ಬೀದಿಯ ಹಿಂದಿನ ಒಂದು ಸಣ್ಣ ಕೋಣೆ ಅದು. ಮಗ್ಗದ ಸದ್ದು ದಿನವಿಡೀ ಕೇಳುತ್ತಿತ್ತು. ಚಳ್ಳಕೆರೆ ಬಿಡುವ ದಿನ ತೇಜಶ್ರೀ ಬಾಗಿಲಲ್ಲಿ ಸಿಕ್ಕಿ, "ನಾನು ನಿಮ್ಮನ್ನ ಕೇಳಿದ್ನಲ್ಲಾ," ಎಂದಷ್ಟೇ ಅಂದು ಪಕ್ಕಕ್ಕೆ ಸರಿದಿದ್ದಳು.

ಸೆಪ್ಟೆಂಬರ್‌ನಲ್ಲಿ ತೇಜಶ್ರೀ ಮೊಳಕಾಲ್ಮುರಿನ ಶಾಖೆಗೂ ಬೋರ್ಡು ಹಾಕುವುದಕ್ಕೆ ಬಂದಳು. ಈಗ ಹಾಕಿದ್ದಕ್ಕೆ ಒಂದು ಫೋಲ್ಡರ್, ಹಾಕಬೇಕಾದ್ದಕ್ಕೆ ಬೇರೆ ಫೋಲ್ಡರ್ ಇದ್ದವು. ಬೋರ್ಡಿನಲ್ಲಿ ಹಾಕಬೇಕಾದ ಹಟ್ಟಿಗಳಿಗೆ ನೀಲಿ ಎಂಬ ಮೂರನೆಯ ಬಣ್ಣ ಬಂದಿತ್ತು. ಹೊಸ ಪರದೆ ಹೊತ್ತಿಕೊಂಡಾಗ ಚಂದ್ರಣ್ಣ, ಪಕ್ಕದ ಅಂಗಡಿಯವರು, ಎಲ್ಲರೂ ಬಂದು ತೇಜಶ್ರೀಯ ಸುತ್ತ ನಿಂತರು. ಪ್ರೇಮಲತಾ ತನ್ನ ಮೇಜಿನಲ್ಲೇ ಕುಳಿತಿದ್ದಳು. ಮತ್ತೆ ಅದೇ ಹೊಟ್ಟೆಕಿಚ್ಚು ಎದ್ದಿತು. ಇಷ್ಟೆಲ್ಲ ಆದ ಮೇಲೆ ಅದು ಸತ್ತಿರಬೇಕೆಂದು ಅವಳು ತಿಳಿದಿದ್ದಳು. ಅದು ಹಾಗೆಯೇ ಇತ್ತು.

ಹಾಗೆ ಕುಳಿತಲ್ಲಿಂದಲೇ ಓಬಳಾಪುರದ ಕುರಿಗಳ ಸಂಖ್ಯೆ ಇರಬೇಕಾದ್ದಕ್ಕಿಂತ ಹೆಚ್ಚಿರುವುದು ಅವಳಿಗೆ ಕಂಡಿತು. ಎರಡು ತಾಲ್ಲೂಕಿನಲ್ಲೂ ಒಂದೊಂದು ಓಬಳಾಪುರವಿತ್ತು. ಬೋರ್ಡು ಎರಡನ್ನೂ ಸೇರಿಸಿ ಒಂದೇ ಚುಕ್ಕೆ ಮಾಡಿ ಚಳ್ಳಕೆರೆಯಲ್ಲಿ ತೋರಿಸುತ್ತಿತ್ತು, ಇಲ್ಲಿನ ಓಬಳಾಪುರ ನಕ್ಷೆಯಲ್ಲೇ ಇರಲಿಲ್ಲ. ಪ್ರೇಮಲತಾ ಎದ್ದು ಹೋಗಿ ಎಲ್ಲರ ನಡುವೆ ನಿಂತು ಅದನ್ನು ಹೇಳಿದಳು. ತೇಜಶ್ರೀ ಲ್ಯಾಪ್‌ಟಾಪ್ ತೆರೆದಳು. ಹಟ್ಟಿಯ ಹೆಸರಿನ ಜೊತೆ ತಾಲ್ಲೂಕನ್ನೂ ಸೇರಿಸಿ ಓದುವ ಹಾಗೆ ಮಾಡುವುದಕ್ಕೆ ಇಬ್ಬರಿಗೂ ಒಂದು ತಾಸು ಹಿಡಿಯಿತು. ಅವಳು ಕೇಳಿದಳು, ಇವಳು ಹೇಳಿದಳು, ಕೆಲಸದ ಮಾತು ಬಿಟ್ಟು ಬೇರೆ ಮಾತಿರಲಿಲ್ಲ.

ಸರಿಹೋದ ಮೇಲೆ ತೇಜಶ್ರೀ ಡಾಕ್ಟರಿಗೆ ಫೋನ್ ಮಾಡಿ ತಿಳಿಸಿದಳು. ಸ್ಪೀಕರಿನಲ್ಲಿ ಅವರ ದನಿ ಕೋಣೆಗೆಲ್ಲ ಕೇಳಿಸಿತು. ಒಳ್ಳೇ ತಪ್ಪು ಹಿಡಿದೆ ಕಣಮ್ಮ, ಬೇರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ ಎಂದರು. ಪ್ರೇಮಲತಾ ನೀರಿನ ಬಾಟಲಿ ಎತ್ತಿಕೊಂಡು ಮುಚ್ಚಳ ತಿರುಗಿಸಿದಳು.

"ನಾನಲ್ಲ ಸಾರ್," ಎಂದಳು ತೇಜಶ್ರೀ. "ಪ್ರೇಮಲತಾ ಮೇಡಂ ಹೇಳಿದ್ರು."

ಡಾಕ್ಟರು ಹೌದಾ ಎಂದು, ಮುಂದಿನ ವಾರದ ಹಿರೇಬೇನೆ ಲಸಿಕೆಯ ವಿಷಯಕ್ಕೆ ಹೋದರು. ಪ್ರೇಮಲತಾ ನೀರು ಕುಡಿದು, ಚಂದ್ರಣ್ಣ ಅವತ್ತು ತಂದಿದ್ದ ಹಾಳೆಗಳನ್ನು ಮುಂದಕ್ಕೆ ಎಳೆದುಕೊಂಡು ಒಂದೊಂದೇ ಹಟ್ಟಿಯ ಹೆಸರು ಟೈಪ್ ಮಾಡತೊಡಗಿದಳು.